ಇಲ್ಲದ ಅರ್ಧ ಅಂಕ

ಅಮೆರಿಕನ್ ಫುಟ್ಬಾಲಿನಲ್ಲಿ ಅರ್ಧ ಅಂಕ ಎಂಬುದೊಂದಿಲ್ಲ. ಚೆಂಡನ್ನು ಎದುರಾಳಿಯ ಗಡಿರೇಖೆ ದಾಟಿಸಿದರೆ ಆರು ಅಂಕ. ಅದರ ಬೆನ್ನಿಗೆ ಸಿಗುವ ಒದೆತ ಎರಡು ಕಂಬಗಳ ನಡುವೆ ಹೋದರೆ ಇನ್ನೊಂದು, ಒದೆಯುವ ಬದಲು ಮತ್ತೊಮ್ಮೆ ಗಡಿ ದಾಟಿದರೆ ಎರಡು. ಗಡಿಯವರೆಗೆ ಹೋಗಲಾಗದೆ ದೂರದಿಂದಲೇ ಒದ್ದು ಕಂಬಗಳ ನಡುವೆ ಕಳುಹಿಸಿದರೆ ಮೂರು. ಎಲ್ಲವೂ ಪೂರ್ಣ ಸಂಖ್ಯೆಗಳೇ. ಆದರೆ ಪ್ಲೇಆಫ್ ಪಂದ್ಯವೊಂದರ ಹಿಂದಿನ ವಾರ ಪೂರ್ತಿ ಟೀವಿಯಲ್ಲಿ, ಫೋನಿನಲ್ಲಿ, ಆಫೀಸಿನ ಕಾಫಿ ಯಂತ್ರದ ಮುಂದೆ ಜನ ಮಾತಾಡುವುದು ಮಾತ್ರ ಇಲ್ಲದ ಈ ಅರ್ಧದ ಬಗ್ಗೆಯೇ. 'ಕಾನ್ಸಾಸ್ ಸಿಟಿ ಮೈನಸ್ ಎರಡೂವರೆ', 'ಬಫಲೋ ಪ್ಲಸ್ ಎರಡೂವರೆ'. ಇದಕ್ಕೆ ಸ್ಪ್ರೆಡ್ ಎನ್ನುತ್ತಾರೆ. ಬಲಶಾಲಿ ತಂಡ ಗೆದ್ದರೆ ಸಾಲದು, ಎರಡೂವರೆಗಿಂತ ಹೆಚ್ಚು ಅಂತರದಿಂದ ಗೆಲ್ಲಬೇಕು. ಆಗ ಮಾತ್ರ ಅದರ ಮೇಲೆ ಕಟ್ಟಿದವನಿಗೆ ಹಣ. ಅರ್ಧವನ್ನು ಸೇರಿಸುವುದು ಯಾವ ಬಾಜಿಯೂ ಸಮವಾಗಿ ಮುಗಿಯದಿರಲಿ, ಯಾರ ಹಣವೂ ಸುಮ್ಮನೆ ವಾಪಸು ಹೋಗದಿರಲಿ ಎಂದು.

ಈ ಪದ್ಧತಿಯನ್ನು 1940ರ ದಶಕದಲ್ಲಿ ಬಳಕೆಗೆ ತಂದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ಚಾರ್ಲ್ಸ್ ಮೆಕ್‌ನೀಲ್ ಎಂಬ ಗಣಿತದ ಮೇಷ್ಟ್ರಿಗೆ. ಜೂಜಿನ ಇತಿಹಾಸದಲ್ಲಿ ಗಣಿತದವರು ಬಾರದ ಅಧ್ಯಾಯ ಕಡಿಮೆ.

ನಾವು ಎಂದರೆ ನ್ಯೂಜೆರ್ಸಿಯಲ್ಲಿ ನೆಲೆಸಿರುವ ಏಳೆಂಟು ಕನ್ನಡ ಮುಸ್ಲಿಂ ಕುಟುಂಬಗಳು. ಹಾಸನ, ಶಿವಮೊಗ್ಗ, ಭಟ್ಕಳ, ಹೀಗೆ ಒಂದೊಂದು ಕಡೆಯವರು. ವರ್ಷಕ್ಕೊಮ್ಮೆ ಹಣ ಕೂಡಿಸಿ ಊರಿನ ಕಡೆಯ ಕೆಲವು ಬಡ ವಿದ್ಯಾರ್ಥಿಗಳ ಕಾಲೇಜು ಫೀಸು ಕಟ್ಟುವುದು ನಮ್ಮ ರೂಢಿ. ದೊಡ್ಡ ನಿಧಿಯೇನಲ್ಲ. ಅದಕ್ಕೆ ಹೆಸರಿಲ್ಲ, ರಸೀದಿ ಪುಸ್ತಕವೂ ಇಲ್ಲ. 2022ರ ಜನವರಿಯಲ್ಲಿ ನಮ್ಮ ಗುಂಪಿನ ಅತ್ಯಂತ ಕಿರಿಯ, ಸಾಫ್ಟ್‌ವೇರ್ ಕೆಲಸದ ಇಪ್ಪತ್ತಾರರ ಹುಡುಗನೊಬ್ಬ, ಐನೂರು ಡಾಲರು ಕೊಡುತ್ತೇನೆಂದ. ಅವನ ಸಂಬಳ, ಅವನ ಬಾಡಿಗೆ, ಅವನು ಊರಿಗೆ ಕಳುಹಿಸುವ ಹಣ ನಮಗೆ ಗೊತ್ತು. ಎಲ್ಲಿಂದ ಬಂತು ಎಂದು ಕೇಳಿದೆವು. ಮುಚ್ಚಿಡಲಿಲ್ಲ. ಪ್ಲೇಆಫಿನ ಮೊದಲ ಸುತ್ತಿನಲ್ಲಿ ಬಫಲೋ ತಂಡದ ಮೇಲೊಂದು, ಕಾನ್ಸಾಸ್ ಸಿಟಿ ಮೇಲೊಂದು ಬಾಜಿ ಕಟ್ಟಿದ್ದನಂತೆ. ಬಫಲೋ 47-17ರಿಂದ, ಕಾನ್ಸಾಸ್ ಸಿಟಿ 42-21ರಿಂದ ಗೆದ್ದವು. ಸ್ಪ್ರೆಡ್ ದಾಟಿಯೂ ಬೇಕಾದಷ್ಟು ಅಂಕ ಉಳಿದಿದ್ದವು. ಸಾವಿರ ಡಾಲರು ಬಂದಿತ್ತು. ಅರ್ಧ ಮಕ್ಕಳ ಫೀಸಿಗೆ ಎಂದು ತೆಗೆದಿಟ್ಟಿದ್ದ.

'ಇದು ಜೂಜಲ್ಲ ಚಾಚಾ, ಲೆಕ್ಕ' ಎಂದ. 'ಇಸ್ಪೀಟು, ಮಟ್ಕಾ ತರಹ ಅಲ್ಲ. ಓದಬೇಕು, ತಿಳಿದಿರಬೇಕು.'

ಹುಡುಗನ ವಾದ ಹೊಸದಲ್ಲ, ಹಗುರವಾದದ್ದೂ ಅಲ್ಲ. ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ ಕುದುರೆ ರೇಸನ್ನು ಕೌಶಲದ ಆಟವೆಂದು ಎತ್ತಿಹಿಡಿದದ್ದು ಇದೇ ತರ್ಕದ ಮೇಲೆ. ಕರ್ನಾಟಕ ಸರಕಾರ 2021ರಲ್ಲಿ ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸಿ ತಂದ ಕಾನೂನನ್ನು ಹೈಕೋರ್ಟು 2022ರ ಫೆಬ್ರವರಿಯಲ್ಲಿ ರದ್ದುಪಡಿಸಿದಾಗಲೂ ಕೌಶಲ ಮತ್ತು ಅದೃಷ್ಟಗಳ ನಡುವಿನ ಗೆರೆಯೇ ಚರ್ಚೆಯ ಮುಖ್ಯ ಭಾಗವಾಗಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಕಾನೂನು ಆ ಗೆರೆಯನ್ನೇ ಬದಿಗಿಟ್ಟು, ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟುವ ಆನ್‌ಲೈನ್ ಆಟ ಬೇಡವೆಂದಿತು. ಅಮೆರಿಕದ ದಾರಿ ಬೇರೆ. ಕ್ರೀಡಾ ಬೆಟ್ಟಿಂಗಿಗೆ ಅವಕಾಶ ಕೊಡದಂತೆ ರಾಜ್ಯಗಳನ್ನು ತಡೆದಿದ್ದ 1992ರ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟು 2018ರ ಮೇ 14ರಂದು ತಳ್ಳಿಹಾಕಿತು. ಆ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ದದ್ದು ಬೇರಾವ ರಾಜ್ಯವೂ ಅಲ್ಲ, ನಾವಿರುವ ನ್ಯೂಜೆರ್ಸಿಯೇ. ಆ ತೀರ್ಪಿನ ನಂತರ ಮೂವತ್ತೈದಕ್ಕೂ ಹೆಚ್ಚು ರಾಜ್ಯಗಳು ಬಾಗಿಲು ತೆರೆದಿವೆ. ಬಸ್ಸಿನ ಮೈಮೇಲೆ, ರೇಡಿಯೋದಲ್ಲಿ, ಪಂದ್ಯದ ನಡುನಡುವೆ ಅದರದೇ ಜಾಹೀರಾತು. ಹುಡುಗ ಕಳ್ಳ ಓಣಿಗೆ ಹೋಗಿರಲಿಲ್ಲ. ಅವನ ಕಿಸೆಯೊಳಗಿನ ಫೋನಿಗೇ ಅಂಗಡಿ ಬಂದಿತ್ತು.

ಹರಾಮ್ ಎಂಬ ಒಂದೇ ಮಾತಿನಿಂದ ಅವನನ್ನು ಕಳುಹಿಸಬಹುದಿತ್ತು. ಅದು ಅವನಿಗೂ ಗೊತ್ತಿದ್ದ ಮಾತು. ತನ್ನದು ಆ ಮಾತಿನ ವ್ಯಾಪ್ತಿಗೆ ಬರುವುದಿಲ್ಲವೆಂಬುದೇ ಅವನ ವಾದವಾಗಿದ್ದರಿಂದ ವಾದದ ಒಳಹೊಕ್ಕು ನೋಡುವುದು ಸರಿಯೆನಿಸಿತು. 'ಹಾಗಾದರೆ ನನ್ನ ಲೆಕ್ಕದಲ್ಲಿ ತೂತು ಎಲ್ಲಿದೆ ತೋರಿಸಿ' ಎಂದು ಅವನೇ ಕೇಳಿದ. ಮುಂದಿನ ಪಂದ್ಯ ಜನವರಿ 23ರ ಭಾನುವಾರ, ಅವೇ ಎರಡು ತಂಡಗಳ ನಡುವೆ, ಕಾನ್ಸಾಸ್ ಸಿಟಿಯ ಮೈದಾನದಲ್ಲಿ. ಶನಿವಾರ ಸಂಜೆ ಚಹಾದ ಜೊತೆ ಅವನ ಲ್ಯಾಪ್‌ಟಾಪಿನ ಸುತ್ತ ಕುಳಿತೆವು.

ಹುಡುಗನ ಶ್ರಮ ಮೆಚ್ಚುವಂಥದ್ದೇ. ಬಫಲೋ ಆ ವರ್ಷ ಇಡೀ ಲೀಗಿನಲ್ಲಿ ಎದುರಾಳಿಗೆ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ತಂಡ, ಪಂದ್ಯಕ್ಕೆ ಸರಾಸರಿ 17. ಹಿಂದಿನ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ ಕಾನ್ಸಾಸ್ ಸಿಟಿಯನ್ನು 38-20ರಿಂದ ಸೋಲಿಸಿತ್ತು. ಆದರೆ ಅದರ ಹೆಸರಾಂತ ರಕ್ಷಣಾ ಆಟಗಾರ ಟ್ರೆಡೇವಿಯಸ್ ವೈಟ್ ನವೆಂಬರಿನಲ್ಲೇ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಹೊರಗಿದ್ದ. ಇದನ್ನೂ ಹುಡುಗ ಹಿಡಿದಿದ್ದ. ಸ್ವಂತ ಮೈದಾನದ ಲಾಭ ಹಿಂದೆ ಸುಮಾರು ಮೂರು ಅಂಕ ಎನ್ನುತ್ತಿದ್ದರು, ಈಗ ಎರಡಕ್ಕಿಂತ ಕಡಿಮೆ. ಅದಕ್ಕೂ ಒಂದು ಕಲಂ. ಗಾಳಿ ಎಷ್ಟು, ಚಳಿ ಎಷ್ಟು, ವಾರದಲ್ಲಿ ಯಾವ ಆಟಗಾರ ಅಭ್ಯಾಸಕ್ಕೆ ಬರಲಿಲ್ಲ, ಪ್ರತಿ ಪ್ರಯತ್ನಕ್ಕೆ ಎಷ್ಟು ಗಜ ಮುನ್ನಡೆ, ಎಲ್ಲವೂ ಇದ್ದವು. ಕೈತಪ್ಪಿ ನೆಲಕ್ಕೆ ಬಿದ್ದ ಚೆಂಡು ಯಾರ ಕೈಗೆ ಸಿಗುತ್ತದೆ ಎಂಬುದು ಬಹುಪಾಲು ಅದೃಷ್ಟ, ಆದ್ದರಿಂದ ಅದರಿಂದ ಬಂದ ಗೆಲುವುಗಳನ್ನು ಲೆಕ್ಕದಲ್ಲಿ ತಗ್ಗಿಸಬೇಕು ಎಂಬ ಸೂಕ್ಷ್ಮವೂ ಅವನಿಗೆ ತಿಳಿದಿತ್ತು. ಕೊನೆಗೆ ಅವನ ತೀರ್ಮಾನ, ಬಫಲೋ ಒಂದು ಅಂಕದಷ್ಟು ಉತ್ತಮ. ಆ ವಾರ ಬುಕ್ಕಿಗಳು ಕಾನ್ಸಾಸ್ ಸಿಟಿಯನ್ನು ಒಂದೂವರೆಯಿಂದ ಎರಡೂವರೆ ಅಂಕದಷ್ಟು ಮುಂದಿಟ್ಟಿದ್ದರು. ಎರಡೂವರೆ ಸಿಕ್ಕಿದಾಗ ಹುಡುಗ ಬಫಲೋ ಪರ 550 ಡಾಲರು ಕಟ್ಟಿದ್ದ. ಎರಡೂ ತಂಡಗಳ ಒಟ್ಟು ಅಂಕ 54 ದಾಟುತ್ತದೆಂದು ಇನ್ನೊಂದು 550.

ನಮ್ಮಲ್ಲೊಬ್ಬರು ವಿಮಾ ಕಂಪೆನಿಯಲ್ಲಿ ಅಪಾಯದ ಲೆಕ್ಕ ಹಾಕುವವರು. ಅವರು ಕನ್ನಡಕ ಸರಿಪಡಿಸಿಕೊಂಡು ಕೇಳಿದ್ದು ಒಂದೇ ಪ್ರಶ್ನೆ. 'ನೋಡಪ್ಪಾ, ಇದರಲ್ಲಿ ನಿನಗೊಬ್ಬನಿಗೇ ಗೊತ್ತಿರುವ ವಿಷಯ ಯಾವುದು?'

ಹುಡುಗ ಯೋಚಿಸಿದ. ಯಾವುದೂ ಇರಲಿಲ್ಲ.

ವಿಶ್ಲೇಷಣೆಯ ಕಷ್ಟ ಇಲ್ಲಿಯೇ ಇದೆ. ಯಾವ ತಂಡ ಉತ್ತಮವೆಂದು ಅಧ್ಯಯನದಿಂದ ತಿಳಿಯಬಹುದು, ಅದು ನಿಜವಾದ ಜ್ಞಾನವೇ. ಆದರೆ ಬಾಜಿ ಇರುವುದು ತಂಡದ ಮೇಲಲ್ಲ, ಆ ಸಂಖ್ಯೆಯ ಮೇಲೆ. ಸಂಖ್ಯೆಯೊಳಗೆ ದೇಶದ ಸಾವಿರಾರು ಲ್ಯಾಪ್‌ಟಾಪುಗಳ ಜ್ಞಾನ ಆಗಲೇ ಕರಗಿ ಹೋಗಿದೆ. ವೈಟನ ಮೊಣಕಾಲು ಅದರಲ್ಲಿದೆ, ಅಕ್ಟೋಬರಿನ 38-20 ಅದರಲ್ಲಿದೆ, ಗಾಳಿಯೂ ಇದೆ. ಉಳಿಯುವುದು ಯಾರಿಗೂ ಗೊತ್ತಿಲ್ಲದ ಭಾಗ. ಹುಡುಗ ಹಣ ಕಟ್ಟಿದ್ದು ತಾನು ಓದಿ ತಿಳಿದದ್ದರ ಮೇಲೆ ಎಂದುಕೊಂಡಿದ್ದ, ನಿಜವಾಗಿ ಕಟ್ಟಿದ್ದು ಆ ಉಳಿದ ಭಾಗದ ಮೇಲೆ.

ವಿಮೆಯವರು ಕಾಗದದ ಮೇಲೆ ಇನ್ನೊಂದು ಲೆಕ್ಕ ಬರೆದರು. ಸಾಮಾನ್ಯವಾಗಿ ನೂರು ಗೆಲ್ಲಲು ನೂರಹತ್ತು ಕಟ್ಟಬೇಕು. ಆ ಹತ್ತು ಅಂಗಡಿಯ ಪಾಲು. ನೂರು ಬಾಜಿಗಳಲ್ಲಿ 52 ಗೆದ್ದರೆ ಬರುವುದು 5,200, ಸೋತ 48ರಿಂದ ಹೋಗುವುದು 5,280. ಅಂದರೆ ಅರ್ಧಕ್ಕಿಂತ ಹೆಚ್ಚು ಸಲ ಸರಿಯಾಗಿ ಹೇಳಿದವನೂ ಎಂಬತ್ತು ಕಳೆದುಕೊಂಡು ಮನೆಗೆ ಹೋಗುತ್ತಾನೆ. 53 ಗೆದ್ದರೆ ಮಾತ್ರ 130 ಉಳಿಯುತ್ತದೆ. ತಾನು 53 ಗೆಲ್ಲುವ ಜಾಣನೋ, ಅದೃಷ್ಟದಿಂದ ಗೆಲ್ಲುತ್ತಿರುವ 50ರವನೋ ಎಂದು ತಕ್ಕಮಟ್ಟಿಗೆ ಖಚಿತವಾಗಲು ಸಾವಿರಕ್ಕೂ ಹೆಚ್ಚು ಬಾಜಿ ಬೇಕು. ಪ್ಲೇಆಫಿನಲ್ಲಿ ವರ್ಷಕ್ಕಿರುವುದು ಹದಿಮೂರೇ ಪಂದ್ಯ. 'ಪಂದ್ಯಕ್ಕೊಂದು ಬಾಜಿ ಎಂದರೆ ಎಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಯಬೇಕು' ಎಂದರು ವಿಮೆಯವರು. ಹುಡುಗ ನಕ್ಕ. ಇನ್ನೊಂದು ಮಾತನ್ನೂ ಅವರು ಸೇರಿಸಿದರು. ಸತತವಾಗಿ ಗೆಲ್ಲುವ ಅಪರೂಪದವರನ್ನು ಅಂಗಡಿಯವರು ಗುರುತಿಸಿ, ಅವರು ಕಟ್ಟಬಹುದಾದ ಮೊತ್ತವನ್ನೇ ಇಳಿಸಿಬಿಡುವುದು ಅಲ್ಲಿ ಎಲ್ಲರಿಗೂ ಗೊತ್ತಿರುವ ಪದ್ಧತಿ. ಕೌಶಲದ ಆಟವೆಂದು ಕರೆದು, ಕೌಶಲ ಕಂಡರೆ ಬಾಗಿಲು ಹಾಕುವುದು ಎಂಥ ವ್ಯಾಪಾರ?

ಅಂಗಡಿಯವರಿಗೆ ಪೆಟ್ಟು ಬೀಳುವುದೇ ಇಲ್ಲವೆಂದಲ್ಲ. 1979ರ ಜನವರಿ 21ರ ಸೂಪರ್ ಬೌಲಿನಲ್ಲಿ ಪಿಟ್ಸ್‌ಬರ್ಗ್ ಮೂರೂವರೆ ಅಂಕದಷ್ಟು ಮುಂದಿದೆ ಎಂದು ಆರಂಭಿಸಿದರು. ಜನ ಆ ಕಡೆ ಮುಗಿಬಿದ್ದಾಗ ನಾಲ್ಕೂವರೆಗೆ ಏರಿಸಿದರು. ಆಗ ಡಲ್ಲಾಸ್ ಕಡೆ ಹಣ ಹರಿಯಿತು. ಪಂದ್ಯ ಮುಗಿದದ್ದು 35-31ಕ್ಕೆ, ಸರಿಯಾಗಿ ನಾಲ್ಕು ಅಂಕದ ಅಂತರ. ಮೂರೂವರೆಗೆ ಪಿಟ್ಸ್‌ಬರ್ಗ್ ಹಿಡಿದವರೂ ಗೆದ್ದರು, ನಾಲ್ಕೂವರೆಗೆ ಡಲ್ಲಾಸ್ ಹಿಡಿದವರೂ ಗೆದ್ದರು. ಲಾಸ್ ವೇಗಸ್ಸಿನ ಬುಕ್ಕಿಗಳು ಅದನ್ನು ಇಂದಿಗೂ ಕಪ್ಪು ಭಾನುವಾರ ಎನ್ನುತ್ತಾರೆ. ಆದರೆ ಅಂಥ ಭಾನುವಾರಕ್ಕೊಂದು ಹೆಸರಿದೆ ಎಂಬುದರಲ್ಲೇ ಅದೆಷ್ಟು ಅಪರೂಪವೆಂಬುದೂ ಇದೆ. ಉಳಿದ ಭಾನುವಾರಗಳಿಗೆ ಹೆಸರಿಲ್ಲ.

ಮರುದಿನ ಇಶಾ ಮುಗಿಸಿ ಬಂದು ಕುಳಿತಾಗ ಪಂದ್ಯ ಆರಂಭವಾಗಿತ್ತು. ಅಂಥ ಪಂದ್ಯವನ್ನು ನಾವು ಮತ್ತೆ ನೋಡಿಲ್ಲ. ಅರ್ಧ ಸಮಯಕ್ಕೆ 14-14. ಕೊನೆಯ ಎರಡು ನಿಮಿಷ ಬಂದಾಗ ಕಾನ್ಸಾಸ್ ಸಿಟಿ 26, ಬಫಲೋ 21, ಒಟ್ಟು 47. ಹುಡುಗ ಎರಡೂ ಬಾಜಿ ಸೋಲುವ ಹಾದಿಯಲ್ಲಿದ್ದ. ಕೈಯಲ್ಲಿದ್ದ ಬೋಂಡಾ ತಣ್ಣಗಾಗಿತ್ತು. ಆಗ ಬಫಲೋದ ಜಾಶ್ ಆಲನ್ ಎಸೆದ ಚೆಂಡನ್ನು ಗೇಬ್ರಿಯಲ್ ಡೇವಿಸ್ ಹಿಡಿದ, ಎರಡಂಕದ ಪ್ರಯತ್ನವೂ ಫಲಿಸಿತು, 29-26. ಒಂದು ನಿಮಿಷ ಕಳೆಯುವುದರೊಳಗೆ ಕಾನ್ಸಾಸ್ ಸಿಟಿಯ ಟೈರೀಕ್ ಹಿಲ್ 64 ಗಜ ಓಡಿ 33-29. ಹದಿಮೂರು ಸೆಕೆಂಡು ಉಳಿದಿರುವಾಗ ಮತ್ತೆ ಡೇವಿಸ್, 36-33. ಆ ರಾತ್ರಿ ಅವನೊಬ್ಬನೇ ನಾಲ್ಕು ಸಲ ಗಡಿ ದಾಟಿದ್ದ, ಪ್ಲೇಆಫಿನಲ್ಲಿ ಅದು ದಾಖಲೆ. ಹುಡುಗ ಎದ್ದು ನಿಂತಿದ್ದ. ಹದಿಮೂರು ಸೆಕೆಂಡಿನಲ್ಲಿ ಏನಾದೀತು? ಪ್ಯಾಟ್ರಿಕ್ ಮಹೋಮ್ಸ್ ಎರಡೇ ಎಸೆತಗಳಲ್ಲಿ 44 ಗಜ ಮುಂದೆ ಸಾಗಿಸಿದ, ಹ್ಯಾರಿಸನ್ ಬಟ್ಕರ್ 49 ಗಜದಿಂದ ಒದ್ದ, 36-36. ಎರಡು ನಿಮಿಷದಲ್ಲಿ 25 ಅಂಕ.

ನಂತರ ಹೆಚ್ಚುವರಿ ಸಮಯ, ಅದಕ್ಕೊಂದು ಟಾಸ್. ಅಂದಿನ ನಿಯಮದಂತೆ ಟಾಸ್ ಗೆದ್ದು ಚೆಂಡು ಪಡೆದ ತಂಡ ಗಡಿ ದಾಟಿದರೆ ಅಲ್ಲಿಗೇ ಪಂದ್ಯ ಮುಗಿಯಿತು. ಕಾನ್ಸಾಸ್ ಸಿಟಿ ಟಾಸ್ ಗೆದ್ದಿತು, ಟ್ರಾವಿಸ್ ಕೆಲ್ಸಿ ಗಡಿ ದಾಟಿದ, 42-36. ಮನುಷ್ಯಮಾತ್ರದವರು ಆಡಬಹುದಾದಷ್ಟು ಚೆನ್ನಾಗಿ ಆಡಿದ್ದ ಆಲನ್‌ಗೆ ಮತ್ತೆ ಚೆಂಡೇ ಸಿಗಲಿಲ್ಲ. ಇದು ಸರಿಯಲ್ಲವೆಂದು ಎರಡೇ ತಿಂಗಳಲ್ಲಿ ಲೀಗಿಗೂ ಅನಿಸಿ, ಪ್ಲೇಆಫಿನಲ್ಲಿ ಎರಡೂ ತಂಡಗಳಿಗೆ ಚೆಂಡು ಸಿಗುವಂತೆ ನಿಯಮ ಬದಲಿಸಿದರು.

ಹುಡುಗನ ಲೆಕ್ಕದಲ್ಲಿ ಬಫಲೋ ಒಂದು ಅಂಕ ಉತ್ತಮ ಎಂಬುದು ತಪ್ಪೆಂದು ಯಾರು ಹೇಳಬಲ್ಲರು? ಅರವತ್ತು ನಿಮಿಷ ಆಡಿ ಎರಡೂ ಸಮವಾಗಿ ನಿಂತಿದ್ದವು. ಅವನ ಓದು ಸರಿಯಿತ್ತು, ಹಣ ಮಾತ್ರ ಒಂದು ನಾಣ್ಯದ ಬೆನ್ನೇರಿ ಹೋಯಿತು. ಒಟ್ಟು ಅಂಕದ ಬಾಜಿಯಲ್ಲಿ ಗೆದ್ದದ್ದು 500, ಬಫಲೋ ಮೇಲೆ ಸೋತದ್ದು 550. ಒಂದರಲ್ಲಿ ಸರಿ, ಒಂದರಲ್ಲಿ ತಪ್ಪು, ಅಂಗಡಿಗೆ ಐವತ್ತು ಡಾಲರು. ಅಂಗಡಿಯವನು ಯಾವ ತಂಡದ ಮೊಣಕಾಲನ್ನೂ ಅಧ್ಯಯನ ಮಾಡಬೇಕಾಗಿರಲಿಲ್ಲ.

ಇಷ್ಟಾದರೂ ಹಿಂದಿನ ವಾರದ ಐನೂರು ನಮ್ಮ ಮುಂದೆ ಹಾಗೇ ಇತ್ತು. ಮುಂದಿನ ಶುಕ್ರವಾರ ಜುಮಾ ಮುಗಿಸಿ ಅದರ ಬಗ್ಗೆ ಕುಳಿತೆವು. ಸುಲಭವಾಗಿ ಮುಗಿಯಲಿಲ್ಲ. ತಗೊಳ್ಳಬಹುದು ಎಂದವರೂ ನಮ್ಮಲ್ಲಿದ್ದರು, ಅವರ ಬಳಿ ಒಳ್ಳೆಯ ಉದಾಹರಣೆಯೇ ಇತ್ತು. ಬ್ಯಾಂಕಿನ ಖಾತೆಗೆ ತಾನಾಗಿ ಬಂದು ಬೀಳುವ ಬಡ್ಡಿಯನ್ನು ನಮ್ಮಲ್ಲಿ ಅನೇಕರು ತಾವು ಬಳಸದೆ, ಪುಣ್ಯದ ನಿರೀಕ್ಷೆಯೂ ಇಲ್ಲದೆ, ಬಡವರ ಔಷಧಿಗೋ ಸಾರ್ವಜನಿಕ ಶೌಚಾಲಯಕ್ಕೋ ಕೊಟ್ಟುಬಿಡುತ್ತಾರೆ. ಇದನ್ನೂ ಹಾಗೆ ಕಳೆಯಬಾರದೇಕೆ? ಬೆಂಗಳೂರಿನಲ್ಲಿ ಫೀಸಿಗೆ ಕಾದಿರುವ ಹುಡುಗಿಗೆ ಡಾಲರಿನ ವಂಶಾವಳಿ ಬೇಕೆ?

ಆಗ ನಮ್ಮಲ್ಲಿ ಹಿರಿಯರೊಬ್ಬರು ಮೈಸಿರಿನ ಮಾತೆತ್ತಿದರು. ಕುರ್‌ಆನ್ ಜೂಜಿಗೆ ಬಳಸುವ ಪದವದು. ಇಸ್ಲಾಮಿಗೆ ಮುಂಚಿನ ಅರಬರ ಮೈಸಿರ್ ನಾವು ಊಹಿಸುವಂಥ ಕತ್ತಲ ಕೋಣೆಯ ಆಟವಾಗಿರಲಿಲ್ಲ. ಒಂಟೆಯೊಂದನ್ನು ಕಡಿದು ಪಾಲು ಮಾಡಿ, ಗುರುತು ಹಾಕಿದ ಬಾಣಗಳನ್ನು ಚೀಲದಿಂದ ಒಂದೊಂದಾಗಿ ಎತ್ತುತ್ತಿದ್ದರು. ಗುರುತಿದ್ದ ಬಾಣ ಬಂದವನಿಗೆ ಪಾಲು, ಬರಿ ಬಾಣ ಬಂದವನು ಒಂಟೆಯ ಬೆಲೆ ತೆರಬೇಕು. ಗೆದ್ದವರು ಆ ಮಾಂಸವನ್ನು ತಾವು ತಿನ್ನದೆ ಬಡವರಿಗೆ ಹಂಚುತ್ತಿದ್ದರು, ಹಂಚದಿದ್ದರೆ ಅವಮಾನ ಎಂದು ವ್ಯಾಖ್ಯಾನಕಾರರು ವಿವರಿಸುತ್ತಾರೆ. ಅಂದರೆ ಅಂದಿನ ಜೂಜಿನಲ್ಲೂ ಒಂದು 'ವಿದ್ಯಾರ್ಥಿ ನಿಧಿ' ಇತ್ತು. ಅಲ್‌ಬಕರ ಅಧ್ಯಾಯ ಅದರಲ್ಲಿ ಜನರಿಗೆ ಕೆಲವು ಪ್ರಯೋಜನಗಳೂ ಇವೆ ಎಂಬುದನ್ನು ಅಲ್ಲಗಳೆಯುವುದಿಲ್ಲ. ಪ್ರಯೋಜನಕ್ಕಿಂತ ಅದರ ಪಾಪ ದೊಡ್ಡದೆಂದು ತೂಗಿ ಹೇಳುತ್ತದೆ. ಬಡವನ ಬಟ್ಟಲಿಗೆ ಮಾಂಸ ಬೀಳುತ್ತದೆಂದು ತಿಳಿದಿದ್ದೂ ಅದು ಬೇಡವೆನ್ನಲಾಯಿತು. ಆ ಮಾಂಸದ ಬೆಲೆ ಕೊಟ್ಟವನು ದಾನಿಯಾಗಿರಲಿಲ್ಲ, ಸೋತವನಾಗಿದ್ದ.

ಈ ಮಾತು ನಮ್ಮ ಸುತ್ತಲಿನ ರಾಜ್ಯಗಳ ಕಡೆಗೂ ಕಣ್ಣು ಹಾಯಿಸುವಂತೆ ಮಾಡಿತು. ಕೊಲೊರಾಡೋ ರಾಜ್ಯದ ಜನ 2019ರಲ್ಲಿ ಬೆಟ್ಟಿಂಗಿಗೆ ಮತ ಹಾಕಿದ್ದು ಅದರ ತೆರಿಗೆಯ ಬಹುಪಾಲು ನೀರಿನ ಯೋಜನೆಗೆ ಹೋಗುತ್ತದೆಂಬ ಷರತ್ತಿನ ಮೇಲೆ. ನೀರಿನ ಬರ ಕಂಡ ನಾಡದು, ಉದ್ದೇಶದಲ್ಲಿ ಕೆಟ್ಟದ್ದೇನೂ ಇಲ್ಲ. ನ್ಯೂಜೆರ್ಸಿ 2025ರ ಜುಲೈನಿಂದ ಆನ್‌ಲೈನ್ ಬೆಟ್ಟಿಂಗಿನ ತೆರಿಗೆಯನ್ನು ಶೇಕಡಾ 13ರಿಂದ 19.75ಕ್ಕೆ ಏರಿಸಿತು. ಆದರೆ ಈ ತೆರಿಗೆ ಬೀಳುವುದು ಕಟ್ಟಿದವರು ಕಳೆದುಕೊಂಡು ಅಂಗಡಿಗೆ ಉಳಿದ ಹಣದ ಮೇಲೆ. ಜನ ಹೆಚ್ಚು ಸೋತಷ್ಟೂ ಕಾಲುವೆಗೆ ಹೆಚ್ಚು ನೀರು. ಸೋತು ಹಾಳಾದವನಿಗೆ ಸಹಾಯವಾಣಿ ನಡೆಸಬೇಕಾದ ಸರಕಾರವೇ ಭಾನುವಾರ ಅಂಗಡಿಯ ಕಡೆ ಕುಳಿತು ಪಂದ್ಯ ನೋಡುತ್ತಿದೆ.

ನಮ್ಮದೂ ಹಾಗೇ ಆಗುತ್ತಿತ್ತು. ಬ್ಯಾಂಕಿನ ಬಡ್ಡಿ ಯಾರೂ ಬೆನ್ನಟ್ಟದೆ ಬಂದದ್ದು, ಅದನ್ನು ಹೊರಗೆ ಹಾಕಲು ಜಾಗ ಹುಡುಕುತ್ತೇವೆ. ಹುಡುಗನ ಹಣ ಇನ್ನೂ ನಡೆಯುತ್ತಿರುವ ಒಂದು ಕೆಲಸದ ಮೊದಲ ಕಂತು. ಇಂದು ಐನೂರು ತೆಗೆದುಕೊಂಡರೆ ಮುಂದಿನ ಜನವರಿಯಲ್ಲಿ ಅವನು ಮಕ್ಕಳ ಹೆಸರಿನಲ್ಲಿ ಕಟ್ಟುತ್ತಾನೆ. ನಾವು ಬಾಯಿಬಿಟ್ಟು ಹೇಳದಿದ್ದರೂ ಅವನು ಹಿಡಿದ ತಂಡ ಗೆಲ್ಲಲಿ ಎಂದು ಬಯಸುತ್ತೇವೆ. ಫೀಸಿನ ಪಟ್ಟಿ ಮತ್ತು ಅಂಕಪಟ್ಟಿ ಒಂದೇ ಮೇಜಿನ ಮೇಲೆ ಬರುತ್ತವೆ. ಆ ದಿನ ಬೇಡವೆಂದು ತೀರ್ಮಾನಿಸಿದ್ದು ಈ ಕಾರಣಕ್ಕೆ. ನಮ್ಮಲ್ಲಿ ಇಬ್ಬರು ಕೊನೆಯವರೆಗೂ ಒಪ್ಪಲಿಲ್ಲ. ಈಗಲೂ ಒಪ್ಪಿಲ್ಲ, ಅವರ ಮಾತಿನಲ್ಲಿ ಕನಿಕರವಿದೆಯೆಂದು ನಾವೂ ಬಲ್ಲೆವು. ಆ ವರ್ಷ ಒಂದು ಫೀಸು ಎರಡು ಕಂತಿನಲ್ಲಿ ಹೋಯಿತು.

ಹುಡುಗನಿಗೆ ನೋವಾಯಿತು. 'ನನ್ನ ಹಣ ಕೊಳಕು ಅಂತೀರಾ ಚಾಚಾ' ಎಂದ. ನಾವು ಹಾಗೆ ಹೇಳಲಿಲ್ಲ. ನಮ್ಮ ಮಕ್ಕಳ ಓದಿಗಾಗಿ ನೀನು ಆಡಬೇಕಾಗಿಲ್ಲ ಎಂದಷ್ಟೇ ಹೇಳಿದೆವು. ಕೆಲವು ವಾರ ಬರುವುದನ್ನು ಬಿಟ್ಟ, ರಂಝಾನಿನಲ್ಲಿ ಮತ್ತೆ ಬಂದ. ಆ ನಡುವೆ, ಜನವರಿ 30ರಂದು, ಅದೇ ಕಾನ್ಸಾಸ್ ಸಿಟಿ ಸ್ವಂತ ಮೈದಾನದಲ್ಲಿ ಸಿನ್ಸಿನಾಟಿಯನ್ನು ಎದುರಿಸಿ, ಏಳಂಕದಷ್ಟು ಬಲಶಾಲಿಯೆಂದು ಎಣಿಸಲ್ಪಟ್ಟು, 21-3ರಿಂದ ಮುಂದಿದ್ದು, ಹೆಚ್ಚುವರಿ ಸಮಯದ ಟಾಸನ್ನೂ ಗೆದ್ದು, 27-24ರಿಂದ ಸೋತಿತು. ಅಂದು ಅವನು ಎಷ್ಟು ಕಟ್ಟಿದ್ದ, ಯಾರ ಮೇಲೆ ಕಟ್ಟಿದ್ದ, ನಮಗೆ ಗೊತ್ತಿಲ್ಲ.

2025ರ ಜನವರಿ 26ರಂದು ಬಫಲೋ ಮತ್ತೆ ಕಾನ್ಸಾಸ್ ಸಿಟಿಗೆ ಹೋಗಿ 32-29ರಿಂದ ಸೋತ ರಾತ್ರಿ ಹುಡುಗ ವಿಮೆಯವರಿಗೆ ಫೋನು ಮಾಡಿದ್ದ. ಈಗ ಅವನಿಗೆ ಮದುವೆಯಾಗಿದೆ, ಫಿಲಡೆಲ್ಫಿಯಾ ಕಡೆ ಮನೆ. 'ನನ್ನ ಲೆಕ್ಕದಲ್ಲಿ ಈ ಸಲವೂ ಬಫಲೋ ಒಂದಂಕ ಮೇಲಿತ್ತು ಚಾಚಾ.'

'ಕಟ್ಟಿದ್ದೆಯಾ?'

'ಇಲ್ಲ, ಲೆಕ್ಕ ಮಾತ್ರ ಹಾಕಿದ್ದೆ.'

ವಿಮೆಯವರು ಅದರ ಮುಂದೆ ಏನೂ ಕೇಳಲಿಲ್ಲ. ಈ ವರ್ಷ ಶಿವಮೊಗ್ಗದಿಂದ ಎಷ್ಟು ಅರ್ಜಿ ಬಂದಿವೆ ಎಂದು ಹುಡುಗನೇ ಕೇಳಿದನಂತೆ. ನಾಲ್ಕು, ಎಂದರು.